ಹಿಂದಿನ ಜನ್ಮದ ಮಾತಾಡುವ ಮಗು: ನಿಜ ಎಷ್ಟೆಂದು ತೂಗುವ ಬಗೆ

ಮೂರು ವರ್ಷದ ಮಗು ಉಣ್ಣಲು ಕೂತಾಗ "ನಮ್ಮನೆ ಇದಲ್ಲ ಕನವ್ವ, ನಾಲೆ ತಾವ ಅದೆ" ಅಂದರೆ ಮಂಡ್ಯ ಸೀಮೆಯ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಗದರಿಸಿ ಸುಮ್ಮನಾಗಿಸುತ್ತಾರೆ. ಇಲ್ಲವೇ ಸಂಜೆಯೊಳಗೆ ಊರೆಲ್ಲ ಸುದ್ದಿಯಾಗಿ, ಮಾರನೇ ದಿನ ಮಗುವನ್ನು ಆಟೋದಲ್ಲಿ ಕೂರಿಸಿಕೊಂಡು ಆ ಮನೆ ಹುಡುಕಲು ಹೊರಡುತ್ತಾರೆ. ಎರಡರಲ್ಲಿ ಯಾವುದೇ ನಡೆದರೂ ತನಿಖೆಗೆ ಉಳಿಯುವುದು ಸೊನ್ನೆ.

ಸತ್ತ ಮೇಲೆ ಮನುಷ್ಯನದು ಏನಾದರೂ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಇಂಥ ಮಾತು ಪುರಾವೆ ಆಗಬೇಕಾದರೆ ಒಂದು ಷರತ್ತು ಇದೆ: ಯಾರೂ ಪತ್ತೆಗೆ ಹೊರಡುವ ಮೊದಲೇ ಮಗು ಹೇಳಿದ್ದೆಲ್ಲ ಬರಹದಲ್ಲಿ ಇರಬೇಕು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ 1960ರ ದಶಕದಿಂದ ಇಂಥ ಪ್ರಕರಣಗಳನ್ನು ಕಲೆಹಾಕಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರಿಚಾ ಇಲ್ಲಿನ ಪ್ರಕರಣಗಳನ್ನು ಅದೇ ಕ್ರಮದಲ್ಲಿ ವಿಚಾರಿಸಿದರು. ವರ್ಜೀನಿಯಾದ ಸಂಗ್ರಹದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಕರಣಗಳಿದ್ದರೂ, ಮೊದಲೇ ಬರೆದಿಟ್ಟದ್ದು ಅದರಲ್ಲಿ ತೀರಾ ಕಡಿಮೆ. ಉಳಿದವುಗಳಲ್ಲಿ ಎರಡು ಮನೆಯವರು ಕಲೆತು ಮಾತಾಡಿದ ಮೇಲೆ ಯಾರು ಏನು ಮೊದಲು ಹೇಳಿದರು ಎಂಬುದು ಕಲಸುಮೇಲೋಗರವಾಗಿದೆ. 1930ರ ದಶಕದಲ್ಲಿ, ಹಿಂದಿನ ಜನ್ಮದಲ್ಲಿ ಮಥುರಾದಲ್ಲಿದ್ದೆ ಎಂದ ದೆಹಲಿಯ ಹುಡುಗಿ ಶಾಂತಿದೇವಿಯ ಪ್ರಕರಣ ದೇಶವನ್ನೆಲ್ಲ ಬೆರಗುಗೊಳಿಸಿತು. ಗಣ್ಯರ ಸಮಿತಿಯೇ ಅವಳನ್ನು ಮಥುರಾಕ್ಕೆ ಕರೆದೊಯ್ದಿತು. ಆದರೆ ಸಮಿತಿ ಹೊರಡುವಷ್ಟರಲ್ಲಿ ಮಥುರಾದ ಗಂಡ ಎನ್ನಲಾದವನೂ ಅವನ ನೆಂಟನೂ ದೆಹಲಿಗೆ ಬಂದು ಹುಡುಗಿಯನ್ನು ಮಾತಾಡಿಸಿ ಹೋಗಿದ್ದರು.

ಹಾಗಾಗಿ ಮೊದಲ ಕೆಲಸ ಬಾಯಿ ಮುಚ್ಚಿಕೊಂಡು ಬರೆಯುವುದು.

ನೋಟ್‌ಬುಕ್

ಹೊಲಿಗೆ ಹಾಕಿದ ನೂರು ಪುಟದ ನೋಟ್‌ಬುಕ್ ತನ್ನಿ. ಸುರುಳಿ ತಂತಿಯದು ಬೇಡ, ಹಾಳೆ ಕಿತ್ತರೆ ಗೊತ್ತಾಗುವುದಿಲ್ಲ. ಬರೆಯುವ ಮೊದಲೇ ಎಲ್ಲ ಪುಟಕ್ಕೂ ಪೆನ್ನಿನಲ್ಲಿ ಸಂಖ್ಯೆ ಹಾಕಿ. ಪ್ರತಿ ಮಾತಿಗೂ ದಿನಾಂಕ, ಹೊತ್ತು, ಅಲ್ಲಿದ್ದವರ ಹೆಸರು ಇರಲಿ. ಮಗುವಿನ ಮಾತು ಅದರ ಬಾಯಲ್ಲಿ ಬಂದ ಹಾಗೇ ಇರಲಿ, ಅದಕ್ಕೆ ಸ್ವಲ್ಪ ಮುಂಚೆ ಯಾರು ಏನು ಕೇಳಿದ್ದರು ಎಂಬುದೂ ಇರಲಿ. ಈ ಕೊನೆಯದನ್ನೇ ಜನ ಬಿಡುವುದು. "ನನ್ ಟ್ಯಾಕ್ಟ್ರು ಬಿತ್ತು" ಎಂದು ಮಗು ಅಂದದ್ದನ್ನು ಅಪ್ಪ "ಟ್ರ್ಯಾಕ್ಟರ್ ಅಪಘಾತದಲ್ಲಿ ಸತ್ತೆ ಎಂದಿತು" ಎಂದು ಬರೆದರೆ, ಅರ್ಧ ಕಥೆ ಅಪ್ಪನದೇ ಆಯಿತು. ಆಟಿಕೆ ಟ್ರ್ಯಾಕ್ಟರ್ ಮಂಚದಿಂದ ಬಿದ್ದಿದ್ದೂ ಇರಬಹುದು.

ಮೊಬೈಲಿನಲ್ಲಿ ಧ್ವನಿ ಮುದ್ರಿಸಿದರೆ ಇನ್ನೂ ಒಳ್ಳೆಯದು. ಫೈಲನ್ನು ಕತ್ತರಿಸಬೇಡಿ, ಹೆಸರು ಬದಲಿಸಬೇಡಿ. ನೋಟ್‌ಬುಕ್ಕಿನ ಪುಟಗಳ ಫೋಟೋ ಜೊತೆಗೆ ಅದನ್ನು ಅಂದೇ ರಾತ್ರಿ ಊರಿನ ಹೊರಗಿರುವ, ಈ ವಿಷಯದಲ್ಲಿ ಆಸಕ್ತಿ ಇಲ್ಲದ ಇಬ್ಬರಿಗೆ ಇಮೇಲ್ ಮಾಡಿ. ತನಗೆ ತಾನೇ ಅಂಚೆ ಕಳಿಸಿ ಮುದ್ರೆ ಒತ್ತಿಸಿಕೊಳ್ಳುವ ಹಳೆಯ ಉಪಾಯ ಕೆಲಸಕ್ಕೆ ಬಾರದು. ಖಾಲಿ ಲಕೋಟೆಯನ್ನು ಅಂಟಿಸದೆ ಕಳಿಸಿ, ಆಮೇಲೆ ಬೇಕಾದ್ದನ್ನು ತುಂಬಬಹುದು. ತಾಲ್ಲೂಕು ಕೋರ್ಟಿನ ಬಳಿ ಕೂರುವ ನೋಟರಿಯಿಂದ ಪ್ರತಿ ಪುಟಕ್ಕೂ ಸಹಿ, ಮೊಹರು ಹಾಕಿಸಿದರೆ ಗಟ್ಟಿ.

ಮಗುವನ್ನು ಮಾತಾಡಿಸುವುದು

ಇಂಥ ಮಾತು ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದೊಳಗೆ ಶುರುವಾಗಿ ಐದರಿಂದ ಎಂಟರೊಳಗೆ ತಾನಾಗಿ ನಿಲ್ಲುತ್ತದೆ. ಆ ವಯಸ್ಸಿನ ಮಗು ಎದುರಿಗಿರುವವರ ಮುಖ ನೋಡಿ ಉತ್ತರ ಕೊಡುತ್ತದೆ. "ನಿನ್ ಎಂಡ್ರು ಎಸ್ರು ಸಾವಿತ್ರಿನಾ?" ಎಂದರೆ "ಹೂಂ" ಅನ್ನುತ್ತದೆ, ನಾಳೆ ತಾನೇ "ಸಾವಿತ್ರಿ" ಅನ್ನುತ್ತದೆ. ನಿಮ್ಮ ಬಾಯಿಂದ ಬರಬೇಕಾದ್ದು "ಆಮೇಲೆ?", "ಅಲ್ಲಿ ಏನಿತ್ತು?", "ಇನ್ನೊಂದ್ಸಲ ಹೇಳು" ಇಷ್ಟೇ. ಹೆಸರು, ಊರು, ಬಣ್ಣ, ಸಂಖ್ಯೆ ಯಾವುದೂ ನಿಮ್ಮ ಪ್ರಶ್ನೆಯಲ್ಲಿ ಇರಬಾರದು.

ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ, ಬಂದ ನೆಂಟರ ಮುಂದೆ ಹೇಳಿಸಬೇಡಿ. ಹೇಳಿದ್ದಕ್ಕೆ ಬಿಸ್ಕತ್ತು, ಚಾಕೊಲೇಟು ಕೊಡುವುದಂತೂ ಬೇಡವೇ ಬೇಡ. ಕತೆಗೆ ಗಿರಾಕಿ ಇದ್ದಾರೆ ಎಂದು ಗೊತ್ತಾದ ಮಗು ಕತೆ ಬೆಳೆಸುತ್ತದೆ. ಅದನ್ನು ಸುಳ್ಳು ಎನ್ನಲಾಗದು, ಆಟ ಅಷ್ಟೇ. ಟಿವಿಯವರು ಬಂದರೆ ಬಾಗಿಲಲ್ಲೇ ಸಾಗಹಾಕಿ. ಮಂತ್ರವಾದಿಯ ಬಳಿ ಹೋಗಿ ಬರೆ ಹಾಕಿಸುವುದು, ಹೊಗೆ ಹಾಕಿಸುವುದು ಮಗುವಿಗೆ ಮಾಡುವ ಹಿಂಸೆ. 2017ರ ಕರ್ನಾಟಕದ ಮೌಢ್ಯ ಪ್ರತಿಬಂಧಕ ಕಾಯ್ದೆ ಇಂಥವಕ್ಕೆಂದೇ ಬಂದದ್ದು.

ಮಾಹಿತಿ ಬರುವ ದಾರಿಗಳು

ತನಿಖೆಯಲ್ಲಿ ಹೆಚ್ಚು ಬೆವರು ಸುರಿಸಬೇಕಾದ ಜಾಗ ಇದು. ಮಗು ಹೇಳಿದ ಊರಿನ ಸುದ್ದಿ ಮಾಮೂಲಿ ದಾರಿಯಲ್ಲಿ ಈ ಮನೆಗೆ ಬರುವ ಸಾಧ್ಯತೆ ಎಷ್ಟು? ಮಂಡ್ಯ, ಮೈಸೂರು ಕಡೆ ಈ ದಾರಿಗಳು ಹೊರಗಿನವರು ಎಣಿಸುವುದಕ್ಕಿಂತ ಬಹಳ ಹೆಚ್ಚು. ಸೋದರಮಾವನಿಗೆ, ಸೋದರತ್ತೆ ಮಗನಿಗೆ ಹೆಣ್ಣು ಕೊಡುವ ವಾಡಿಕೆಯಿಂದ ನಾಗಮಂಗಲದ ಒಂದು ಹಟ್ಟಿಗೂ ಕೃಷ್ಣರಾಜಪೇಟೆಯ ಇನ್ನೊಂದಕ್ಕೂ ಮೂರು ಕಡೆಯಿಂದ ನೆಂಟಸ್ತನ ಇರುತ್ತದೆ. "ಅವರಿಗೂ ನಮಗೂ ಬಳಕೆ ಇಲ್ಲ" ಎಂದು ಮನೆಯವರು ಆಣೆ ಮಾಡಿದರೂ ಅಜ್ಜಿಯ ತವರನ್ನು ಕೇಳಿ. ಬೀಗರ ಬೀಗರನ್ನೂ ಕೇಳಿ.

ನೆಂಟಸ್ತನ ಬಿಟ್ಟು ಉಳಿದ ದಾರಿಗಳು: ಕಬ್ಬು ಕಡಿಯುವ, ಆಲೆಮನೆಯಲ್ಲಿ ದುಡಿಯುವ ಗುಂಪುಗಳು, ಹಾಲಿನ ಡೈರಿಯ ಸಾಲು, ವಾರದ ಸಂತೆ, ಮುಡುಕುತೊರೆ, ಸುತ್ತೂರು, ಮೇಲುಕೋಟೆ ಜಾತ್ರೆಗಳು, ಅಂಗನವಾಡಿಗೆ ಬೇರೆ ಊರಿಂದ ಬರುವ ಕಾರ್ಯಕರ್ತೆ, ಹೆರಿಗೆಗೆ ತವರಿಗೆ ಹೋದ ತಾಯಿ ಅಲ್ಲಿ ಕೇಳಿದ ಸಾವಿನ ಮಾತು. ತಿಥಿ ಊಟವನ್ನಂತೂ ಮರೆಯಬೇಡಿ. ಸತ್ತವರ ಬದುಕಿನ ವಿವರಗಳು ಒಂದೇ ಕಡೆ ಅಷ್ಟು ದಟ್ಟವಾಗಿ ಹರಿದಾಡುವ ಇನ್ನೊಂದು ಜಾಗ ಇಲ್ಲ, ಕೂಸುಗಳು ಅಲ್ಲೇ ಮಡಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿರುತ್ತವೆ.

ಟಿವಿಯೂ ಒಂದು ದಾರಿಯೇ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಆಮೇಲೆ ಹುಟ್ಟಿದ ಮಗು "ಬಸ್ಸು ನೀರಿಗೆ ಬಿತ್ತು, ನಾನು ಸತ್ತೆ" ಎಂದರೆ ಅದರ ತೂಕ ಹೆಚ್ಚುಕಡಿಮೆ ಸೊನ್ನೆ. ಜಿಲ್ಲೆಯಲ್ಲಿ ಆ ಮಾತು ಕೇಳದ ಮನೆ ಇಲ್ಲ.

"ತಾತನೇ ಹುಟ್ಟಿ ಬಂದವ್ನೆ" ಎಂಬ ಮಾತನ್ನು ತನಿಖೆಗೆ ತೆಗೆದುಕೊಳ್ಳಲೇಬೇಡಿ. ತಾತನ ಹೆಸರನ್ನೇ ಇಟ್ಟು, ತಾತನ ಫೋಟೋ ಕೆಳಗೇ ಮಲಗಿಸಿ ಬೆಳೆಸಿದ ಮೊಮ್ಮಗನಿಗೆ ತಾತನ ವಿಷಯ ಗೊತ್ತಿರುವುದರಲ್ಲಿ ಸೋಜಿಗ ಏನಿದೆ.

ಆಕಸ್ಮಿಕ ಹೊಂದಿಕೆ

ಹೆಂಚಿನ ಮನೆ, ಎರಡು ಎಮ್ಮೆ, ಬಾಗಿಲ ಮುಂದೆ ತೆಂಗಿನ ಮರ, ಕುಡಿಯುತ್ತಿದ್ದ ಗಂಡ. ಈ ನಾಲ್ಕೂ ಮದ್ದೂರು ತಾಲ್ಲೂಕಿನ ಯಾವ ಊರಿನಲ್ಲಿ ಹೊಂದುವುದಿಲ್ಲ? ನಿಂಗೇಗೌಡ, ಸಿದ್ದಮ್ಮ, ಕೆಂಪಮ್ಮ ಎಂಬ ಹೆಸರುಗಳೂ ಹಾಗೆಯೇ.

ಪತ್ತೆಗೆ ಹೋಗುವ ಮೊದಲೇ ಮಗುವಿನ ಹೇಳಿಕೆಗಳನ್ನು ಎರಡು ಭಾಗ ಮಾಡಿ. ಯಾರಿಗಾದರೂ ಹೊಂದುವಂಥವು ಒಂದು ಕಡೆ. ಅಪರೂಪದವು ಇನ್ನೊಂದು ಕಡೆ: ಎಡಗೈಯಲ್ಲಿ ಬೆರಳು ಇಲ್ಲದ ಅಣ್ಣ, ಅಟ್ಟದ ಮೇಲೆ ಬಚ್ಚಿಟ್ಟ ಹಿತ್ತಾಳೆ ಗಿಂಡಿ, ಇಂಥವು. ಸತ್ತವರು ಇಂಥವರೇ ಎಂದು ಗೊತ್ತಾದ ಮೇಲೆ ಅದೇ ಪಟ್ಟಿಯನ್ನು ಅದೇ ವಯಸ್ಸಿನ, ಅದೇ ಬಗೆಯಲ್ಲಿ ಸತ್ತ ಇನ್ನೂ ಐದು ಜನರ ಬದುಕಿಗೂ ಹೊಂದಿಸಿ ನೋಡಿ. ಪಟ್ಟಿಯ ಇಪ್ಪತ್ತು ಮಾತುಗಳಲ್ಲಿ "ಅಸಲಿ" ವ್ಯಕ್ತಿಗೆ ಹದಿನಾಲ್ಕು ಹೊಂದಿ, ಉಳಿದ ಐವರಿಗೂ ಹನ್ನೊಂದು ಹನ್ನೆರಡು ಹೊಂದಿದರೆ ಅಲ್ಲಿಗೆ ನಿಲ್ಲಿಸಿ. ಈ ಹೋಲಿಕೆ ಮಾಡುವವರಿಗೆ ಆರು ಜನರಲ್ಲಿ ಅಸಲಿ ಯಾರು ಎಂಬುದು ತಿಳಿದಿರಬಾರದು.

ಆ ಊರಿಗೆ ಹೋಗುವುದು

ಮಗು ಬೇಡ. ಪಟ್ಟಿಯನ್ನು ಓದದ ಇಬ್ಬರು ಹೋಗಲಿ. ಮಗು ಏನು ಹೇಳಿತು ಎಂದು ಆ ಮನೆಯವರಿಗೆ ತಿಳಿಸದೆ, ಸತ್ತವರ ಬಗ್ಗೆ ಅವರೇ ಹೇಳುವುದನ್ನು ಬರೆದುಕೊಂಡು ಬರಲಿ. ಮಗ ಹೋದ ದುಃಖದಲ್ಲಿರುವ ತಾಯಿಗೆ "ನಿಮ್ಮ ಮಗ ಹುಟ್ಟವ್ನೆ" ಎಂದುಬಿಟ್ಟರೆ ಆಕೆಯ ನೆನಪು ಆ ಕ್ಷಣದಿಂದಲೇ ಮಗುವಿನ ಮಾತಿಗೆ ಹೊಂದಿಕೊಳ್ಳತೊಡಗುತ್ತದೆ. ಪಾಲು ಕೇಳಲು ಬಂದರೇನೋ ಎಂದು ದಾಯಾದಿಗಳು ಗಾಬರಿಯಾಗುವುದೂ ಉಂಟು. ಪುನರ್ಜನ್ಮದಿಂದ ಆಸ್ತಿಯ ಹಕ್ಕು ಬರುವುದಿಲ್ಲ ಎಂದು ಮೊದಲೇ ಹೇಳಿದರೆ ಬಾಯಿ ಬಿಡುತ್ತಾರೆ.

ಮಾತಿಗಿಂತ ಕಾಗದ ಮೇಲು. ಮರಣ ಪ್ರಮಾಣಪತ್ರ, ಪಹಣಿ, ಮತದಾರರ ಪಟ್ಟಿ ನೋಡಿ. ಅಪಘಾತವೋ ಕೊಲೆಯೋ ಆಗಿದ್ದರೆ ಎಫ್‌ಐಆರ್, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ. ಮಗುವಿನ ಹುಟ್ಟಿದ ದಿನಕ್ಕೆ ತಾಯಿ ಕಾರ್ಡನ್ನೇ ನಂಬಿ. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸುವ ಹಳೆಯ ಚಾಳಿಯಿಂದಾಗಿ ಶಾಲೆಯ ದಾಖಲೆ ನೆಚ್ಚುವಂತಿಲ್ಲ. ಸತ್ತ ದಿನವೂ ತಡವಾಗಿ ನೋಂದಣಿಯಾಗಿದ್ದರೆ ತಪ್ಪಿರಬಹುದು. ಸತ್ತವರಿಗಿಂತ ಮಗು ಮೊದಲೇ ಹುಟ್ಟಿದ್ದು ಈ ಹಂತದಲ್ಲಿ ಬಯಲಾದರೆ ಖರ್ಚು ಉಳಿಯಿತು.

ಮಚ್ಚೆ, ಗಾಯದ ಗುರುತಿನ ಮಾತು ಬಂದರೆ, ಮೊದಲು ಮಗುವಿನ ಮೈಮೇಲಿನ ಎಲ್ಲ ಗುರುತುಗಳ ಪಕ್ಕ ಅಳತೆ ಪಟ್ಟಿ ಇಟ್ಟು ಫೋಟೋ ತೆಗೆದು ನೋಟರಿಗೆ ಕೊಡಿ, ಮರಣೋತ್ತರ ವರದಿಯನ್ನು ಆಮೇಲೆ ನೋಡಿ. ಮೊದಲು ವರದಿ ಓದಿದವರಿಗೆ ಬೇಕಾದ ಜಾಗದಲ್ಲಿ ಮಚ್ಚೆ ಕಂಡೇ ಕಾಣುತ್ತದೆ.

ಗುರುತು ಹಿಡಿಯುವ ಪರೀಕ್ಷೆ

ಜಗಲಿ ತುಂಬ ಜನ ನಿಂತು "ತೋರ್ಸು, ನಿಮ್ಮವ್ವ ಯಾರು?" ಎಂದು ಕೇಳುವುದು ಎಲ್ಲರಿಗೂ ಇಷ್ಟವಾದ ದೃಶ್ಯ. ಅಲ್ಲಿದ್ದವರ ಕಣ್ಣೆಲ್ಲ ಒಬ್ಬಾಕೆಯ ಮೇಲೇ ಇರುತ್ತದೆ, ಅವಳು ಆಗಲೇ ಸೆರಗು ಬಾಯಿಗಿಟ್ಟು ಅಳುತ್ತಿರುತ್ತಾಳೆ. ಯಾವ ಮಗುವಾದರೂ ಅವಳ ಕಡೆಗೇ ಹೋಗುತ್ತದೆ.

ಬದಲಿಗೆ ಫೋಟೋ ಬಳಸಿ. ಒಂದು ಕಂತೆಯಲ್ಲಿ ಎಂಟು ಫೋಟೋ, ಒಂದೇ ಅಳತೆ, ಒಂದೇ ವಯಸ್ಸಿನವರು, ಒಂದೇ ಬಗೆಯ ಉಡುಗೆ. ಒಂದು ಮಾತ್ರ ಸತ್ತವರ ಬಳಗದ್ದು. ತೋರಿಸುವವರಿಗೆ ಸರಿಯಾದದ್ದು ಯಾವುದೆಂದು ಗೊತ್ತಿರಬಾರದು, ತಾಯಿ ತಂದೆ ಮಗುವಿನ ಬೆನ್ನ ಹಿಂದೆ ಕೂರಬೇಕು. ಒಂದು ಕಂತೆಯಲ್ಲಿ ಸುಮ್ಮನೆ ಬೆರಳಿಟ್ಟು ಗೆಲ್ಲುವ ಸಾಧ್ಯತೆ ಎಂಟಕ್ಕೊಂದು, ಮೂರಕ್ಕೆ ಮೂರೂ ಸರಿ ಆಗುವುದು 512ಕ್ಕೊಂದು, ಐದಕ್ಕೈದು 32,768ಕ್ಕೊಂದು. ಎಷ್ಟು ಕಂತೆ ಎಂದು ಮೊದಲೇ ಬರೆದಿಡಿ. ಸೋತಾಗ "ಇನ್ನೊಂದು ನೋಡೋಣ" ಎನ್ನುವುದು, ಗೆದ್ದಾಗ ನಿಲ್ಲಿಸುವುದು ಮೋಸದ ಲೆಕ್ಕ.

ಸತ್ತು ಎದ್ದು ಬಂದವರ ಮಾತು

ಪಸ್ರಿಚಾ ಮತ್ತು ಸ್ಟೀವನ್‌ಸನ್ ಭಾರತದಲ್ಲಿ ಕಲೆಹಾಕಿದ ಇಂಥ ಅನುಭವಗಳಲ್ಲಿ ಯಮದೂತರು ಎಳೆದೊಯ್ಯುವುದು, ಲೆಕ್ಕದ ಪುಸ್ತಕ ನೋಡಿ "ಇವನಲ್ಲ, ಬೇರೆಯವನು" ಎಂದು ವಾಪಸು ಕಳಿಸುವುದು ಮತ್ತೆ ಮತ್ತೆ ಬರುತ್ತದೆ. ಪಾಶ್ಚಾತ್ಯರ ವರದಿಗಳಲ್ಲಿ ಹೆಸರಾದದ್ದು ಸುರಂಗ ಮತ್ತು ಬೆಳಕು. ಕೇಳಿ ಬೆಳೆದ ಕತೆಯ ಪಾತ್ರ ಇಲ್ಲಿ ದೊಡ್ಡದಿದೆ.

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಸತ್ತರು ಎಂದು ಹೇಳಿದವರು ಯಾರು? ವೈದ್ಯರೋ, ಮೂಗಿನ ಬಳಿ ಬೆರಳಿಟ್ಟ ನೆರೆಯವರೋ? ಆಸ್ಪತ್ರೆಯಲ್ಲಿ ನಡೆದಿದ್ದರೆ ಕೇಸ್ ಶೀಟ್ ತೆಗೆಸಿ, ಹೃದಯ ನಿಂತ ಹೊತ್ತು, ಎದೆ ಒತ್ತಿದ ಹೊತ್ತು, ಕಂಡದ್ದು ಯಾವ ಹೊತ್ತಿನದು ಎಂದು ಹೊಂದಿಸಿ. ಹೃದಯ ನಿಂತ ಅರ್ಧ ನಿಮಿಷದೊಳಗೆ ಮಿದುಳಿನ ವಿದ್ಯುತ್ ಚಟುವಟಿಕೆ ಸಾಮಾನ್ಯವಾಗಿ ಅಡಗುತ್ತದೆ. ಆದರೆ ಎದೆ ಒತ್ತುತ್ತಿರುವಾಗ ಒಂದಿಷ್ಟು ರಕ್ತ ಹರಿದು ಮಾತು ಕಿವಿಗೆ ಬೀಳಬಹುದು. 2014ರಲ್ಲಿ ಪ್ರಕಟವಾದ ವೈದ್ಯ ಸ್ಯಾಮ್ ಪಾರ್ನಿಯಾ ತಂಡದ ಅಧ್ಯಯನದಲ್ಲಿ, ಮೈಬಿಟ್ಟು ಮೇಲೆದ್ದು ನೋಡಿದೆ ಎನ್ನುವವರ ಮಾತು ಪರೀಕ್ಷಿಸಲು, ಮೇಲಿಂದ ನೋಡಿದರೆ ಮಾತ್ರ ಕಾಣುವಂತೆ ಅಟ್ಟಣೆಗಳ ಮೇಲೆ ಚಿತ್ರ ಇಟ್ಟಿದ್ದರು. 2,060 ಹೃದಯಸ್ತಂಭನಗಳಲ್ಲಿ ನೋಡಿದ್ದು ಕೇಳಿದ್ದು ಸ್ಪಷ್ಟವಾಗಿ ನೆನಪಿದ್ದವರು ಇಬ್ಬರು. ಅವರಿಬ್ಬರೂ ಇದ್ದದ್ದು ಅಟ್ಟಣೆ ಇಲ್ಲದ ಜಾಗದಲ್ಲಿ.

ಬದುಕಿದ್ದಾಗಲೇ ಇಟ್ಟು ಹೋಗುವ ಪರೀಕ್ಷೆ

ಮನೆಯ ಹಿರಿಯರಿಗೆ ಈ ಪ್ರಶ್ನೆಯಲ್ಲಿ ಆಸಕ್ತಿ ಇದ್ದರೆ ಇದು ಎಲ್ಲಕ್ಕಿಂತ ಸ್ವಚ್ಛವಾದ ದಾರಿ: ತಮಗೊಬ್ಬರಿಗೇ ಗೊತ್ತಿರುವ ಗುಟ್ಟೊಂದನ್ನು ಇಟ್ಟು ಹೋಗುವುದು, ತೀರಿಕೊಂಡ ಮೇಲೆ ಅದು ಯಾರ ಬಾಯಲ್ಲಾದರೂ ಬರುತ್ತದೋ ಎಂದು ನೋಡುವುದು. ಮುಚ್ಚಿದ ಲಕೋಟೆ ಬೇಡ. ಸತ್ತ ಮೇಲಿನ ಬದುಕಿನ ಬಗ್ಗೆ ಸಂಶೋಧನೆ ಮಾಡಿದ ಇಂಗ್ಲೆಂಡಿನ ಫ್ರೆಡರಿಕ್ ಮೈಯರ್ಸ್ ಬಿಟ್ಟುಹೋದ ಲಕೋಟೆಯನ್ನು 1904ರಲ್ಲಿ ತೆರೆದರು, ಸತ್ತವರ ಮಾತು ತಿಳಿಸುತ್ತೇನೆ ಎನ್ನುವ ಮಧ್ಯವರ್ತಿಯ ಮೂಲಕ ಬಂದ ಮಾತಿಗೂ ಒಳಗಿದ್ದುದಕ್ಕೂ ಹೊಂದಲಿಲ್ಲ. ಒಮ್ಮೆ ತೆರೆದರೆ ಪರೀಕ್ಷೆ ಮುಗಿಯಿತು. ಸ್ಟೀವನ್‌ಸನ್ ತಾನೇ ಸಂಕೇತ ಕೂಡಿಸಿದ ಬೀಗವೊಂದನ್ನು ಇಟ್ಟು 2007ರಲ್ಲಿ ತೀರಿಕೊಂಡರು. ಬೀಗವನ್ನು ಎಷ್ಟು ಸಲವಾದರೂ ಯತ್ನಿಸಬಹುದು. ಆದರೆ ಅಂಗಡಿಯಲ್ಲಿ ಸಿಗುವ ಮೂರು ಚಕ್ರದ ಸೂಟ್‌ಕೇಸ್ ಬೀಗದಲ್ಲಿ ಇರುವುದು ಸಾವಿರ ಸಂಖ್ಯೆ, ಮೊಮ್ಮಗ ಒಂದು ಮಧ್ಯಾಹ್ನದಲ್ಲಿ ತೆರೆಯುತ್ತಾನೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಥೌಲೆಸ್ 1948ರಲ್ಲಿ ಗೂಢಲಿಪಿ ಬರೆದಿಟ್ಟರು. ಅವುಗಳಲ್ಲಿ ಒಂದನ್ನು ಬೇಗನೆ ಬಿಡಿಸಿದರು, ಇನ್ನೊಂದು 1990ರ ದಶಕದಲ್ಲಿ ಕಂಪ್ಯೂಟರಿಗೆ ಸೋತಿತು.

ಈಗ ಸುಲಭವಾದದ್ದು ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಪದಗಳಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಉದ್ದನೆಯ ಗುರುತು. ಅದೇ ಪದ ಕೊಟ್ಟರೆ ಅದೇ ಗುರುತು ಬರುತ್ತದೆ, ಗುರುತಿನಿಂದ ಪದ ತಿಳಿಯಲಾಗದು. ಹಿರಿಯರು ಒಬ್ಬರೇ ಕೂತು ಒಂದಕ್ಕೊಂದು ಸಂಬಂಧವಿಲ್ಲದ ಆರು ಪದ ಆಯ್ದು, ನಿಘಂಟಿನ ಯಾವುದೋ ಪುಟ ತೆರೆದು ಬೆರಳಿಟ್ಟ ಪದಗಳಾದರೆ ಇನ್ನೂ ಸರಿ, ಇಂಟರ್ನೆಟ್ ಆಫ್ ಮಾಡಿದ ಕಂಪ್ಯೂಟರಿನಲ್ಲಿ ಹ್ಯಾಶ್ ತೆಗೆದು ಅದನ್ನಷ್ಟೇ ಬರೆದು ಹಂಚಬೇಕು. ಪದಗಳನ್ನು ಎಲ್ಲೂ ಬರೆಯಬಾರದು, ಮರೆಯದಂತೆ ದಿನಾ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಗಾದೆ, ವಚನದ ಸಾಲು, ಮನೆದೇವರ ಹೆಸರು ಬೇಡ, ಊಹಿಸಿಬಿಡುತ್ತಾರೆ. ಕನ್ನಡದಲ್ಲಿ ಬರೆಯುವವರಿಗೆ ಒಂದು ತೊಡಕಿದೆ: ಕಣ್ಣಿಗೆ ಒಂದೇ ಆಗಿ ಕಾಣುವ "ಕೊ" ಯೂನಿಕೋಡಿನ ಒಳಗೆ ಎರಡು ಬಗೆಯಲ್ಲಿ ಕೂರಬಹುದು, ಅರ್ಕಾವತ್ತಿನ ಪಕ್ಕ ಕಾಣದ ಅಕ್ಷರವೊಂದು ಸೇರಿರಬಹುದು. ಅಷ್ಟಕ್ಕೇ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಆದ್ದರಿಂದ "ಮರ", "ಬಾಳೆ", "ಗಿಣಿ" ಥರದ, ಒತ್ತಕ್ಷರವಾಗಲಿ ಈ, ಏ, ಐ, ಒ, ಓ ಸ್ವರಗಳ ಗುಣಿತವಾಗಲಿ ಇಲ್ಲದ ಪದಗಳನ್ನೇ ಆರಿಸಿ, ಪದಗಳ ನಡುವೆ ಒಂದೇ ಖಾಲಿ ಜಾಗ ಬಿಟ್ಟು, ಯಾವ ಕೀಲಿಮಣೆ ಬಳಸಿದಿರಿ ಎಂಬುದನ್ನು ಹ್ಯಾಶಿನ ಜೊತೆಗೇ ಬರೆದಿಡಿ.