ಸಿಗಡಿ ಉದ್ದ ನೋಡಿ ತೂಕ ಅಂದಾಜು ಮಾಡುವವರಿಗೆ

ಕುಂದಾಪುರ, ಗಂಗೊಳ್ಳಿ ಕಡೆ ವನಾಮಿ ಜಾತಿಯ ಸಿಗಡಿ ಸಾಕುವವರು ಇದನ್ನು ಗಮನಿಸಿ. ಸಿಗಡಿಯ ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ, ಯಾಕಂದ್ರೆ ಅದು ಉದ್ದದ ಜೊತೆಗೆ ಅಗಲ, ದಪ್ಪದಲ್ಲೂ ಬೆಳೆಯುತ್ತದೆ ಅಲ್ವಾ. ಹಾಗಾಗಿ 12 ಸೆಂಟಿಮೀಟರ್ ಸಿಗಡಿಯನ್ನು ಅರ್ಧ ಸೆಂಟಿಮೀಟರ್ ಜಾಸ್ತಿ ಅಳೆದರೂ ತೂಕದ ಅಂದಾಜು ನೂರಕ್ಕೆ 13ರಷ್ಟು ಏರಿಬಿಡುತ್ತದೆ, ಆ ತೂಕ ನೋಡಿ ಹಾಕಿದ ಮೇವು ಸುಮ್ನೆ ದಂಡ. ತಲೆಯ ಮುಂದಿನ ಮುಳ್ಳಿನಿಂದ ಅಳೆಯಬೇಡಿ, ಅದು ಬಲೆಯಲ್ಲೇ ಮುರಿಯುತ್ತದೆ. ಕಣ್ಣಿನ ಗುಳಿಯ ಹಿಂದಿನಿಂದ ತಲೆಚಿಪ್ಪು ಮುಗಿಯುವ ಬೆನ್ನಿನ ಅಂಚಿನವರೆಗೆ ಅಳೆಯಿರಿ. ಆ ಭಾಗ ಗಟ್ಟಿ, ಬಗ್ಗುವುದಿಲ್ಲ. ಮಾದರಿ ಸಿಗಡಿ ಹಿಡಿಯಲು ಬೀಸುಬಲೆಯನ್ನು ಕೊಳದ ನಾಲ್ಕೂ ಕಡೆ, ನಡುವೆಯೂ ಬೀಸಿ. ಈಗಷ್ಟೇ ಚಿಪ್ಪು ಕಳಚಿದ ಮೆತ್ತಗಿನವನ್ನು ಬದಿಗಿಡಿ, ಅವು ನೀರು ಹೀರಿ ಉಬ್ಬಿರುತ್ತವೆ. ಉಳಿದವುಗಳ ಒಟ್ಟು ತೂಕವನ್ನು ಎಣಿಕೆಯಿಂದ ಭಾಗಿಸಿ: 20 ಗ್ರಾಂ ಬಂದರೆ 50 ಕೌಂಟ್, ಅಂದ್ರೆ ಕಿಲೋಗೆ 50 ಸಿಗಡಿ.