ಬ್ರಿಟನ್ನಿನಲ್ಲಿ ಲೈಂಗಿಕ ಸೋಂಕಿನ ಅನುಮಾನ ಬಂದರೆ ಎಲ್ಲಿಗೆ ಹೋಗಬೇಕು?

ಉರಿ ಮೂತ್ರ, ಕೀವು, ಗುಪ್ತಾಂಗದ ಹತ್ತಿರ ಒಂದು ಹುಣ್ಣು. ಇಲ್ಲವೇ ಮೈಯಲ್ಲಿ ಏನೂ ಇಲ್ಲ, ಕಾಂಡೋಮ್ ಇಲ್ಲದೆ ಕಳೆದ ಒಂದು ರಾತ್ರಿಯ ಚಿಂತೆ ಮಾತ್ರ. ಬ್ರಿಟನ್ನಿಗೆ ಬಂದ ನಮ್ಮವರು ಇಂಥ ಹೊತ್ತಿನಲ್ಲಿ ಗೂಗಲ್ ಮಾಡಿ ಮಾಡಿ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೋಗಲು ಮುಜುಗರ. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಅದೇ ಸರ್ಜರಿಯಲ್ಲಿ, ಅಂದರೆ ಜಿಪಿಯ ಕ್ಲಿನಿಕ್ಕಿನಲ್ಲಿ, ರಿಜಿಸ್ಟರ್ ಆಗಿರುತ್ತಾರಲ್ವಾ?

ಜಿಪಿ ಹತ್ತಿರ ಹೋಗಲೇಬೇಕೆಂದಿಲ್ಲ. ಇದಕ್ಕೆಂದೇ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸೆಕ್ಷುಯಲ್ ಹೆಲ್ತ್ ಕ್ಲಿನಿಕ್‌ಗಳಿವೆ. ಹಳಬರು ಇವನ್ನು ಜಿಯುಎಂ ಕ್ಲಿನಿಕ್ ಎನ್ನುತ್ತಾರೆ. ಜಿಪಿ ಚೀಟಿ ಬೇಡ, ನೀವೇ ನೇರ ಬುಕ್ ಮಾಡಬಹುದು. ನಿಮ್ಮ ಏರಿಯಾದ್ದೇ ಆಗಬೇಕೆಂದೂ ಇಲ್ಲ. ಪಕ್ಕದ ಊರಿನ ಕ್ಲಿನಿಕ್‌ಗೂ ಹೋಗಬಹುದು. ಎನ್‌ಎಚ್‌ಎಸ್ ವೆಬ್‌ಸೈಟ್‌ನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದವು ಸಿಗುತ್ತವೆ. ಕೆಲವು ಕಡೆ ಬುಕಿಂಗ್ ಇಲ್ಲದೆಯೂ ನೋಡುತ್ತಾರೆ, ಆದರೆ ಮೊದಲೇ ಫೋನ್ ಮಾಡಿ ಕೇಳುವುದು ವಾಸಿ.

ಪರೀಕ್ಷೆಗೂ ಔಷಧಕ್ಕೂ ದುಡ್ಡು ಕೊಡಬೇಕಿಲ್ಲ. ಸ್ಟೂಡೆಂಟ್ ವೀಸಾ, ಡಿಪೆಂಡೆಂಟ್ ವೀಸಾ, ವಿಸಿಟರ್ ವೀಸಾ, ಯಾವುದಾದರೂ ಸರಿ. ಮಗನ ಮನೆಗೆ ಬಂದ ಅಪ್ಪನಿಗೂ ಇಲ್ಲಿ ಲೈಂಗಿಕ ಸೋಂಕಿನ ಚಿಕಿತ್ಸೆ ಉಚಿತ. ಇಂಗ್ಲೆಂಡಿನಲ್ಲಿ ಎಚ್‌ಐವಿ ಚಿಕಿತ್ಸೆ ಮಾತ್ರ ಹೊರದೇಶದವರೆಲ್ಲರಿಗೂ ಉಚಿತವಾಗಿರಲಿಲ್ಲ. 2012ರ ಅಕ್ಟೋಬರ್‌ನಿಂದ ಅದೂ ಉಚಿತ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಬ್ರಿಟನ್ ವೀಸಾ ನಿರಾಕರಿಸುವುದಿಲ್ಲ. ವೀಸಾಕ್ಕೆ ಟಿಬಿ ಪರೀಕ್ಷೆ ಮಾಡಿಸಿಕೊಂಡ ಅನುಭವದಿಂದ ಇದನ್ನೂ ಹಾಗೇ ಅಂದುಕೊಳ್ಳುವವರಿದ್ದಾರೆ.

ಈ ಏರ್ಪಾಟು ತುಂಬ ಹಳೆಯದು. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1916ರಲ್ಲಿ, ಈ ರೋಗಗಳಿಗೆ ಉಚಿತವಾಗಿ, ಗುಟ್ಟಾಗಿ ಚಿಕಿತ್ಸೆ ಕೊಡಬೇಕೆಂಬ ನಿಯಮ ಬಂತು. ಮರುವರ್ಷದ ಕಾಯ್ದೆ ಡಾಕ್ಟರಲ್ಲದವರು ಇವಕ್ಕೆ ಔಷಧ ಕೊಡುವುದಕ್ಕೂ ಜಾಹೀರಾತು ಮಾಡುವುದಕ್ಕೂ ತಡೆ ಹಾಕಿತು. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ‘ಗುಪ್ತರೋಗ ತಜ್ಞ’ರ ಬೋರ್ಡ್ ನೋಡಿ ಬೆಳೆದ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ನಾಚಿಕೆಯಿಂದ ಜನ ಬರದಿದ್ದರೆ ರೋಗ ಹರಡುತ್ತದೆ ಎಂಬ ಲೆಕ್ಕಾಚಾರವೇ ಇದರ ಬುನಾದಿ.

ಹಾಗಾಗಿ ಗುಟ್ಟಿನ ವಿಷಯದಲ್ಲಿ ಇವರು ಬಿಗಿ. ನೀವು ಒಪ್ಪದೆ ಜಿಪಿಗೆ ಹೇಳುವುದಿಲ್ಲ. ಸ್ಪಾನ್ಸರ್ ಮಾಡಿದ ಕಂಪನಿಗಾಗಲಿ ಗಂಡನಿಗಾಗಲಿ ಹೇಳುವ ಮಾತೇ ಇಲ್ಲ. ಯಾರದಾದರೂ ಸುರಕ್ಷತೆಗೆ ದೊಡ್ಡ ಅಪಾಯವಿದ್ದರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗಬಹುದು. ಅದಕ್ಕೂ ಸಾಮಾನ್ಯವಾಗಿ ಮೊದಲು ನಿಮ್ಮ ಹತ್ತಿರ ಮಾತಾಡುತ್ತಾರೆ. ನಿಜವಾದ ಹೆಸರು ಕೊಡಲು ಇಷ್ಟವಿಲ್ಲದಿದ್ದರೆ ಹಾಗೆಂದು ಹೇಳಿ. ಆದರೆ ಫೋನ್ ನಂಬರ್ ಸರಿಯಾಗಿರಲಿ, ರಿಸಲ್ಟ್ ಬರುವುದು ಹೆಚ್ಚಾಗಿ ಅದಕ್ಕೇ. ಆ ಫೋನ್ ಮನೆಯಲ್ಲಿ ಬೇರೆಯವರ ಕೈಗೂ ಹೋಗುತ್ತದಾದರೆ ಮೆಸೇಜ್ ಬೇಡ, ಕರೆ ಮಾಡಿ ಎನ್ನಿ.

ನಮ್ಮವರಿಗೆ ಇನ್ನೊಂದು ಭಯ: ಒಳಗೆ ಕೂತಿರುವ ಡಾಕ್ಟರ್ ಕನ್ನಡದವರೇ ಆಗಿದ್ದು, ಮುಂದಿನ ರಾಜ್ಯೋತ್ಸವದಲ್ಲಿ ಸಿಕ್ಕಿಬಿಟ್ಟರೆ? ಎನ್‌ಎಚ್‌ಎಸ್‌ನಲ್ಲಿ ನಮ್ಮ ಡಾಕ್ಟರುಗಳು ಕಡಿಮೆಯೇನಿಲ್ಲ. ಗುಟ್ಟು ಬಿಟ್ಟುಕೊಟ್ಟರೆ ಅವರ ರಿಜಿಸ್ಟ್ರೇಷನ್‌ಗೇ ಕುತ್ತು. ಆದರೂ ಮನಸ್ಸು ಒಪ್ಪದಿದ್ದರೆ ಬೇರೆಯವರು ನೋಡಲಿ ಎಂದು ಕೇಳಬಹುದು. ಹೆಣ್ಣುಮಕ್ಕಳು ಲೇಡಿ ಡಾಕ್ಟರ್ ಬೇಕೆಂದೂ ಕೇಳಬಹುದು. ಇಂಗ್ಲಿಷ್ ಕಷ್ಟವಾದರೆ ಬುಕ್ ಮಾಡುವಾಗಲೇ ಕನ್ನಡ ಇಂಟರ್‌ಪ್ರಿಟರ್ ಕೇಳಿ. ಗಂಡನನ್ನೋ ಗೆಳತಿಯನ್ನೋ ಭಾಷೆಗೆಂದು ಕರೆದುಕೊಂಡು ಹೋಗಬೇಡಿ. ಅವರೆದುರು ನೀವು ನಿಜ ಹೇಳುವುದಿಲ್ಲ.

ಒಳಗೆ ಪ್ರಶ್ನೆಗಳು ನೇರವಾಗಿರುತ್ತವೆ. ಕೊನೆಯ ಸಲ ಯಾವಾಗ? ಗಂಡಸೋ ಹೆಂಗಸೋ? ಬಾಯಿಯಿಂದಲೋ, ಹಿಂದಿನಿಂದಲೋ? ಮುಖ ಕೆಂಪಗಾಗುತ್ತದೆ, ನಿಜ. ಆದರೆ ಸ್ಯಾಂಪಲ್ ಎಲ್ಲಿಂದ ತೆಗೆಯಬೇಕೆಂದು ಗೊತ್ತಾಗುವುದೇ ಇದರಿಂದ. ಗಂಟಲಿನ ಗೊನೊರಿಯಾ ಸೋಂಕು ಮೂತ್ರದ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಗಂಡಸರಿಗೆ ಸಾಮಾನ್ಯವಾಗಿ ಮೂತ್ರ, ಹೆಂಗಸರಿಗೆ ತಾವೇ ತೆಗೆದುಕೊಳ್ಳುವ ಸ್ವಾಬ್, ಇಬ್ಬರಿಗೂ ರಕ್ತ. ಮೂತ್ರ ಕೊಡುವವರು ಅದಕ್ಕೆ ಮುಂಚೆ ಒಂದೆರಡು ಗಂಟೆ ಮೂತ್ರಕ್ಕೆ ಹೋಗಬಾರದು.

ಯಾವಾಗ ಹೋಗಬೇಕು ಎನ್ನುವಲ್ಲಿ ಜಾಸ್ತಿ ಜನ ಎಡವುತ್ತಾರೆ. ಮರುದಿನವೇ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂತೆಂದು ನಿರಾಳವಾದರೆ ಪ್ರಯೋಜನವಿಲ್ಲ. ಕ್ಲಮೀಡಿಯಾ, ಗೊನೊರಿಯಾ ಸೋಂಕುಗಳು ಪರೀಕ್ಷೆಯಲ್ಲಿ ಖಚಿತವಾಗಿ ಕಾಣಲು 2 ವಾರ ಬೇಕು. ಲ್ಯಾಬ್‌ನ ಈಗಿನ ಎಚ್‌ಐವಿ ರಕ್ತಪರೀಕ್ಷೆಗೆ 45 ದಿನ, ಸಿಫಿಲಿಸ್‌ಗೆ 12 ವಾರ. ಮೈಯಲ್ಲಿ ಲಕ್ಷಣವಿದ್ದರೆ ಮಾತ್ರ ಈ ಲೆಕ್ಕ ಹಾಕುತ್ತ ಕೂರಬೇಡಿ, ಕೂಡಲೇ ಹೋಗಿ.

ಇನ್ನೊಂದು ಸಂದರ್ಭದಲ್ಲಿ ಗಂಟೆಗಳೇ ಮುಖ್ಯ. ಎಚ್‌ಐವಿ ತಗುಲಿರಬಹುದೆಂಬ ಗಟ್ಟಿ ಅನುಮಾನವಿದ್ದರೆ ಅದನ್ನು ತಡೆಯಲು ಪೆಪ್ ಎಂಬ ಮಾತ್ರೆಗಳಿವೆ. 72 ಗಂಟೆಯೊಳಗೆ ಶುರು ಮಾಡಬೇಕು, 24 ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. 28 ದಿನ ತೆಗೆದುಕೊಳ್ಳಬೇಕು. ಶನಿವಾರ ರಾತ್ರಿ ಕ್ಲಿನಿಕ್ ಮುಚ್ಚಿದ್ದರೆ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗಕ್ಕೆ (ಎ ಅಂಡ್ ಇ) ಹೋಗಿ. ಸೋಮವಾರದವರೆಗೆ ಸುಮ್ನೆ ಕಾಯಬೇಡಿ. ಎಲ್ಲರಿಗೂ ಪೆಪ್ ಕೊಡುವುದಿಲ್ಲ, ಅಪಾಯ ಎಷ್ಟೆಂದು ನೋಡಿ ತೀರ್ಮಾನಿಸುತ್ತಾರೆ.

ಲಕ್ಷಣ ಏನೂ ಇಲ್ಲದವರಿಗೆ ಹಲವು ಕಡೆ ಮನೆಗೇ ಉಚಿತ ಕಿಟ್ ಕಳಿಸುತ್ತಾರೆ. ಹೊರಗಡೆ ಏನೂ ಬರೆಯದ ಪೊಟ್ಟಣ. ಬೆರಳಿನಿಂದ ರಕ್ತ ಹಿಂಡಿ ಚಿಕ್ಕ ಟ್ಯೂಬ್ ತುಂಬಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಬಿಸಿನೀರಲ್ಲಿ ಕೈ ಬೆಚ್ಚಗೆ ಮಾಡಿಕೊಂಡು ಕೂರಿ.

ಊರಿಂದ ತಂದಿಟ್ಟ ಆಂಟಿಬಯೋಟಿಕ್ ಮಾತ್ರ ನುಂಗಬೇಡಿ. ಗೊನೊರಿಯಾ ಹಲವು ಮಾತ್ರೆಗಳಿಗೆ ಈಗ ಬಗ್ಗುವುದಿಲ್ಲ. ಇಲ್ಲಿ ಅದಕ್ಕೆ ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಕ್ಲಮೀಡಿಯಾ ಆದರೆ 7 ದಿನದ ಡಾಕ್ಸಿಸೈಕ್ಲಿನ್, ಗರ್ಭಿಣಿಯರಿಗೆ ಬೇರೆ ಮಾತ್ರೆ.

ಪಾಸಿಟಿವ್ ಬಂದರೆ ಜೊತೆಗಿದ್ದವರಿಗೂ ತಿಳಿಸಬೇಕು. ಅವರೂ ಪರೀಕ್ಷೆ ಮಾಡಿಸದಿದ್ದರೆ ಸೋಂಕು ಮತ್ತೆ ನಿಮಗೇ ಬರಬಹುದು. ಹೇಳಲು ಬಾಯಿ ಬರದಿದ್ದರೆ ಕ್ಲಿನಿಕ್‌ನವರೇ ನಿಮ್ಮ ಹೆಸರು ಎತ್ತದೆ ಮೆಸೇಜ್ ಕಳಿಸುತ್ತಾರೆ. ಹೆಂಡತಿಗೋ ಗಂಡನಿಗೋ ಹೇಳಬೇಕಾದಾಗ ಹೆಸರಿಲ್ಲದ ಮೆಸೇಜ್‌ನಿಂದ ಏನೂ ಮುಚ್ಚಿಡಲಾಗದು. ಆ ಮಾತು ಹೇಗೆ ಶುರು ಮಾಡಬೇಕೆಂದು ಕ್ಲಿನಿಕ್‌ನ ಹೆಲ್ತ್ ಅಡ್ವೈಸರ್ ಹತ್ತಿರ ಕೂತು ಕೇಳಿ. ಅವರ ಕೆಲಸವೇ ಅದು.