ಗೋವಾದ ಕೆಲಸಕ್ಕೆ ಜಿಎಸ್‌ಟಿ ಬೇಕಾ? ಸ್ವಂತ ಕೆಲಸ ಶುರು ಮಾಡಿದ ಮೊದಲ ವರ್ಷದ ಅನುಭವ

2024ರ ಮಾರ್ಚ್ ಕೊನೆಗೆ ನೌಕರಿ ಬಿಟ್ಟೆ. ನಾನು ಸಿವಿಲ್ ಎಂಜಿನಿಯರ್. ಏಪ್ರಿಲ್‌ನಿಂದ ಕಾರವಾರದಲ್ಲೇ ಸ್ವಂತ ಕೆಲಸ ಶುರು ಮಾಡಿದೆ. ಮನೆ ಪ್ಲಾನ್, ಎಸ್ಟಿಮೇಟ್, ಸೈಟ್ ಮೇಲ್ವಿಚಾರಣೆ, ಇಷ್ಟೇ. ಎರಡನೇ ತಿಂಗಳಲ್ಲೇ ಗೋವಾದ ಕಾಣಕೋಣದಿಂದ ಒಬ್ಬರ ಫೋನ್ ಬಂತು. ಅವರ ಹೋಮ್‌ಸ್ಟೇಗೆ ನಾಲ್ಕು ಕೋಣೆ ಕಟ್ಟಿಸಬೇಕಿತ್ತು. ಪರವಾನಗಿಗೆ ಅಲ್ಲಿಯ ಎಂಜಿನಿಯರ್ ಒಬ್ಬರು ಇದ್ದರು. ಡ್ರಾಯಿಂಗ್, ಎಸ್ಟಿಮೇಟ್, ಮೇಲ್ವಿಚಾರಣೆ ನನ್ನ ಪಾಲಿಗೆ. ಎಲ್ಲ ಮಾತಾಡಿ ಮುಗಿದ ಮೇಲೆ ಹೋಮ್‌ಸ್ಟೇಯವರು ಹೇಳಿದರು, "ನಿಮ್ಮ ಜಿಎಸ್‌ಟಿ ನಂಬರ್ ಕಳಿಸಿ." ನನ್ನ ಹತ್ತಿರ ಇರಲಿಲ್ಲ.

ಗೆಳೆಯರನ್ನು ಕೇಳಿದೆ. ಎಲ್ಲರದ್ದೂ ಒಂದೇ ಮಾತು. ಗಡಿಯ ಮಾಜಾಳಿ ದಾಟಿದರೆ ಬೇರೆ ರಾಜ್ಯ, ಒಂದು ರೂಪಾಯಿ ಬಿಲ್ ಮಾಡಿದರೂ ಜಿಎಸ್‌ಟಿ ಬೇಕೇ ಬೇಕು. ಇಬ್ಬರು ಇದೇ ಹೆದರಿಕೆಗೆ ಗೋವಾದ ಕೆಲಸ ಬಿಟ್ಟುಕೊಟ್ಟಿದ್ದರು. ನನಗೆ ತುಂಬಾ ಬೇಜಾರಾಯಿತು. ಕಾರವಾರದವರಿಗೆ ಅಂಕೋಲೆಗಿಂತ ಗೋವಾ ಗಡಿಯೇ ಹತ್ತಿರ ಅಲ್ವಾ? ಅಲ್ಲಿಯ ಕೆಲಸ ಬೇಡ ಅಂದರೆ ನಮ್ಮ ಅರ್ಧ ಮಾರುಕಟ್ಟೆಯನ್ನೇ ಬಿಟ್ಟ ಹಾಗೆ.

ಎರಡು ರಾತ್ರಿ ಕೂತು ನಿಯಮ ಓದಿದೆ, ಆಮೇಲೆ ಒಬ್ಬ ಸಿಎ ಹತ್ತಿರ ಖಚಿತ ಮಾಡಿಕೊಂಡೆ. ಗೆಳೆಯರ ಮಾತು ಸಾಮಾನು ಮಾರುವವರಿಗೆ ನಿಜ. ಟೈಲ್ಸ್ ಆಗಲಿ, ಪೈಂಟ್ ಆಗಲಿ, ಬೇರೆ ರಾಜ್ಯಕ್ಕೆ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಸೇವೆಗೆ ಹಾಗಿಲ್ಲ. 2017ರ ಅಕ್ಟೋಬರ್‌ನಲ್ಲೇ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ, ಅದರ ಸಂಖ್ಯೆ 10/2017, ಇಂಟಿಗ್ರೇಟೆಡ್ ಟ್ಯಾಕ್ಸ್ (ರಾಜ್ಯದಿಂದ ರಾಜ್ಯಕ್ಕೆ ನಡೆಯುವ ವ್ಯವಹಾರದ ಜಿಎಸ್‌ಟಿ). ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟದಿದ್ದರೆ, ಬೇರೆ ರಾಜ್ಯಕ್ಕೆ ಸೇವೆ ಕೊಟ್ಟರೂ ನೋಂದಣಿ ಬೇಡ. ಅದರ ಪ್ರತಿಯನ್ನೇ ಕಾಣಕೋಣಕ್ಕೆ ಕಳಿಸಿದೆ. ಅವರು ಒಪ್ಪಿದರು. ಮುಂದೆ "ಟೈಲ್ಸ್ ಕೂಡ ನೀವೇ ತಂದುಹಾಕಿ" ಅಂದಾಗ ಮಾತ್ರ ಆಗುವುದಿಲ್ಲ ಅಂದೆ. ಅಳತೆ, ಪಟ್ಟಿ ನಾನು ಕೊಟ್ಟೆ. ಖರೀದಿ ಅವರೇ ಮಡಗಾಂವಿಯಲ್ಲಿ ಮಾಡಿದರು.

"ಇರಲಿ, ಒಂದು ನಂಬರ್ ಸುಮ್ನೆ ತಗೊಂಡುಬಿಡು" ಅಂದವರೂ ಇದ್ದರು. ನನಗೆ ಸರಿ ಅನಿಸಲಿಲ್ಲ. 40,000 ರೂಪಾಯಿಯ ಪ್ಲಾನ್‌ಗೆ ಶೇಕಡಾ 18 ಅಂದರೆ 7,200. ಸದಾಶಿವಗಡದಲ್ಲಿ ಸಾಲ ಮಾಡಿ ಮನೆ ಕಟ್ಟುವವರಿಗೆ ಆ ದುಡ್ಡು ವ್ಯಾಪಾರಿಗಳಿಗೆ ಸಿಗುವ ಹಾಗೆ ಕ್ರೆಡಿಟ್ ಆಗಿ (ತಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದು) ವಾಪಸ್ ಸಿಗುವುದಿಲ್ಲ. ಮೇಲಿಂದ ವ್ಯವಹಾರ ಇಲ್ಲದಿದ್ದರೂ ರಿಟರ್ನ್ (ತೆರಿಗೆ ಲೆಕ್ಕದ ವಿವರ) ಹಾಕಬೇಕು. ಮರೆತರೆ ಶೂನ್ಯ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿ ದಂಡ. ಇನ್ನೊಂದು ವಿಷಯ, ನೋಂದಣಿ ಇಲ್ಲದವರು ಬಿಲ್‌ನಲ್ಲಿ ಜಿಎಸ್‌ಟಿ ಸೇರಿಸಿ ದುಡ್ಡು ತೆಗೆದುಕೊಳ್ಳುವಂತಿಲ್ಲ. ಅದು ತಪ್ಪು.

ಉಳಿದ ನೋಂದಣಿ ಬೇಗ ಮುಗಿಯಿತು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆಧಾರ್ ಮೇಲೆ ಆಗುತ್ತದೆ, ಪೂರ್ತಿ ಉಚಿತ. ಇದು ಗೊತ್ತಿಲ್ಲದೆ ಒಂದು ಸೈಬರ್ ಸೆಂಟರ್‌ನಲ್ಲಿ 1,500 ಕೊಟ್ಟೆ, ನೀವು ಕೊಡಬೇಡಿ. ಆ ನಂಬರ್ ಬಿಲ್ ಮೇಲೆ ಹಾಕಿದರೆ ಲಾಭ ಇದೆ. ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಕರಾರು ಇದ್ದರೂ 45 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ ಅಂತ ಕಾನೂನೇ ಇದೆ. ಕರಾರು ಇಲ್ಲದಿದ್ದರೆ 15 ದಿನ. ವೃತ್ತಿ ತೆರಿಗೆ ನೌಕರಿಯಲ್ಲಿದ್ದಾಗ ತಿಂಗಳಿಗೆ 200ರಂತೆ ಸಂಬಳದಲ್ಲೇ ಹೋಗುತ್ತಿತ್ತು, ನಾನು ಗಮನಿಸಿದ್ದೇ ಇಲ್ಲ. ಈಗ ನಾವೇ ಎನ್‌ರೋಲ್‌ಮೆಂಟ್ ಮಾಡಿಸಿ ವರ್ಷಕ್ಕೆ 2,500 ಕಟ್ಟಬೇಕು, ಏಪ್ರಿಲ್ 30ರೊಳಗೆ.

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಆದಾಯ ತೆರಿಗೆಯಲ್ಲಿ. ಮೊದಲ ವರ್ಷ ಬಂದದ್ದು 16 ಲಕ್ಷ. ಎಂಜಿನಿಯರ್, ಡಾಕ್ಟರ್, ವಕೀಲರಂಥವರಿಗೆ 44ಎಡಿಎ ಅನ್ನುವ ಸೆಕ್ಷನ್ ಇದೆ. ಬಂದ ಹಣದ ಅರ್ಧವನ್ನು ಲಾಭ ಅಂತ ತೋರಿಸಿದರೆ ಸಾಕು, ಪೆಟ್ರೋಲ್ ಚೀಟಿ ಎಲ್ಲ ಕೂಡಿಡಬೇಕಾಗಿಲ್ಲ. 50 ಲಕ್ಷದವರೆಗೆ ನಡೆಯುತ್ತದೆ, ನಗದು ಶೇಕಡಾ 5ರೊಳಗಿದ್ದರೆ 75 ಲಕ್ಷ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಹಾಗಾಗಿ ಸೆಕ್ಷನ್ ಸಂಖ್ಯೆ ಬೇರೆ. ನಿಯಮ ಅದೇ. ನನ್ನ ಲೆಕ್ಕದಲ್ಲಿ ಲಾಭ 8 ಲಕ್ಷ, ಹೊಸ ಪದ್ಧತಿಯಲ್ಲಿ (ನ್ಯೂ ಟ್ಯಾಕ್ಸ್ ರೆಜೀಮ್) ತೆರಿಗೆ ಸೆಸ್ ಸೇರಿ 31,200.

ಒಂದು ಸಂಸ್ಥೆ 1 ಲಕ್ಷದ ಬಿಲ್‌ನಲ್ಲಿ 10,000 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿತ್ತು. 26ಎಎಸ್ (ನಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ತೆಗೆದು ನೋಡಿದರೆ ಅದು ಇಲ್ಲವೇ ಇಲ್ಲ! ಅವರು ನನ್ನ ಪ್ಯಾನ್‌ನ ಒಂದು ಅಕ್ಷರ ತಪ್ಪು ಹಾಕಿದ್ದರು. ಆರು ಸಲ ಫೋನ್ ಮಾಡಿದ ಮೇಲೆ ತಿದ್ದಿದ ರಿಟರ್ನ್ ಹಾಕಿದರು. ಈಗ ಮೂರು ತಿಂಗಳಿಗೊಮ್ಮೆ 26ಎಎಸ್ ನೋಡುತ್ತೇನೆ.

31,200ರಲ್ಲಿ ಈ 10,000 ಕಳೆದು ಉಳಿದ 21,200 ರೂಪಾಯಿಯನ್ನು ಮಾರ್ಚ್ 15ರೊಳಗೆ ಮುಂಗಡ ತೆರಿಗೆಯಾಗಿ ಕಟ್ಟಬೇಕಿತ್ತು. ಟಿಡಿಎಸ್ ಕಳೆದು 10,000 ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಇದ್ದರೆ ಅದು ಕಡ್ಡಾಯ. ನೌಕರಿಯಲ್ಲಿ ಇದನ್ನೆಲ್ಲ ಕಂಪನಿ ನೋಡಿಕೊಳ್ಳುತ್ತಿತ್ತು, ನನಗೆ ತಿಳಿದೇ ಇರಲಿಲ್ಲ. 2025ರ ಜುಲೈನಲ್ಲಿ ಐಟಿಆರ್-4 (ಆದಾಯ ತೆರಿಗೆ ರಿಟರ್ನ್) ತುಂಬುವಾಗ ಬಡ್ಡಿ 1,060 ಬಂತು. ದೊಡ್ಡ ಮೊತ್ತ ಅಲ್ಲ, ಆದರೆ ಆ ಹೊತ್ತಿಗೆ 22,260 ರೂಪಾಯಿ ಕೈಯಲ್ಲಿ ಇರಲಿಲ್ಲ. ತಂಗಿಯ ಹತ್ತಿರ ಸಾಲ ಕೇಳಿದೆ. ಅದಾದ ಮೇಲೆ ಬಿಲ್ ಹಣ ಬಂದ ದಿನವೇ ಹತ್ತರಲ್ಲಿ ಒಂದು ಪಾಲು ಬೇರೆ ಖಾತೆಗೆ ಹಾಕುತ್ತೇನೆ.

ಅದೇ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ವಾಣಿಜ್ಯ ತೆರಿಗೆ ನೋಟಿಸ್ ಬಂದ ಸುದ್ದಿ ರಾಜ್ಯದ ತುಂಬಾ ಇತ್ತು. ನಾನು ಮೊದಲ ದಿನದಿಂದ ಕೆಲಸದ ಹಣಕ್ಕೆ ಪ್ರತ್ಯೇಕ ಖಾತೆ ಇಟ್ಟಿದ್ದೆ. ಮನೆಯವರು ಕಳಿಸಿದ ದುಡ್ಡು, ಚೀಟಿ ದುಡ್ಡು ಅದರಲ್ಲಿ ಬೆರೆಯುವುದಿಲ್ಲ. ಯಾವುದು ವಹಿವಾಟು ಅಂತ ಯಾರು ಕೇಳಿದರೂ ತೋರಿಸಬಹುದು.

2025-26ಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಹಾಗಾಗಿ ನನಗೆ ಟಿಡಿಎಸ್ ವಾಪಸ್ ಬರಬೇಕು, ಅಷ್ಟೇ. ಈಗ ನನ್ನ ಕಣ್ಣು ಜಿಎಸ್‌ಟಿಯ 20 ಲಕ್ಷದ ಮಿತಿಯ ಮೇಲೆ. 2025ರ ಡಿಸೆಂಬರ್ ಮುಗಿಯುವಾಗ ಬಿಲ್ 17 ಲಕ್ಷ ದಾಟಿತ್ತು. ಬಾಡಿಗೆಗೆ ಕೊಟ್ಟ ನನ್ನ ಅಂಗಡಿ ಕೋಣೆಯ ಬಾಡಿಗೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಪ್ಯಾನ್, ಆಧಾರ್, ಕಚೇರಿಯ ಕರಾರು, ಕರೆಂಟ್ ಬಿಲ್ ಎಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಜನವರಿಯಿಂದ ಕೊಡುವ ಪ್ರತಿ ಕೊಟೇಶನ್ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: "ಜಿಎಸ್‌ಟಿ ಅನ್ವಯವಾದರೆ ಪ್ರತ್ಯೇಕ."